ಹೋಗಿ ಬರುವ ಹಕ್ಕು

ನಮ್ಮ ಶಿರಾಳಕೊಪ್ಪದ ಕಡೆ ‘ರೆಸಿಡೆನ್ಸಿ’ ಎಂದರೆ ಲಾಡ್ಜು. ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಬಸ್ಸಿಳಿದು ತಲೆಯೆತ್ತಿದರೆ ಯಾವುದಾದರೊಂದು ದೇವರ ಹೆಸರಿನ ಮುಂದೆ ಆ ಪದ ಅಂಟಿಸಿದ ಬೋರ್ಡು ಕಾಣುತ್ತದೆ. ಆದ್ದರಿಂದ ಬೇಸಿಗೆ ರಜೆಯಲ್ಲಿ ಮೂರು ವಾರ ಬರಹಗಾರರ ರೆಸಿಡೆನ್ಸಿಗೆ ಹೋಗುತ್ತೇನೆಂದು ನಾನು ಹೇಳಿದಾಗ ನಮ್ಮ ಗಣಿತದ ಮೇಷ್ಟ್ರು ಗಾಬರಿಯಾಗಿ, “ಅಲ್ಲ ಮೇಡಂ, ಮೂರು ವಾರ ಲಾಡ್ಜಿನಲ್ಲಿ ಕೂತು ಏನ್ ಮಾಡ್ತೀರಿ?” ಎಂದು ಕೇಳಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಹೆಸರು ಇನ್ನೂ ರೂಢಿಗೆ ಬಂದಿಲ್ಲ.

ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ, ಹಾಡು ಕಟ್ಟುವವರಿಗೆ ಕೆಲವು ದಿನ ಇರಲು ಒಂದು ಕೋಣೆ, ಕೂರಲು ಒಂದು ಮೇಜು, ಹೊತ್ತಿಗೆ ಸರಿಯಾಗಿ ಊಟ ಕೊಟ್ಟು, ‘ನಿಮ್ಮ ಕೆಲಸ ನೀವು ಮಾಡಿಕೊಳ್ಳಿ, ನಾವು ತಂಟೆಗೆ ಬರುವುದಿಲ್ಲ’ ಎಂದು ಬಿಟ್ಟುಬಿಡುವ ಏರ್ಪಾಡು ಅದು. ನಮಗೆ ಗೊತ್ತಿರುವುದು ಕಮ್ಮಟ. ಕಮ್ಮಟದಲ್ಲಿ ಉದ್ಘಾಟನೆ ಇರುತ್ತದೆ, ದೀಪ ಹಚ್ಚುವುದಿರುತ್ತದೆ, ಬೆಳಗಿನಿಂದ ಸಂಜೆಯ ತನಕ ಭಾಷಣಗಳಿರುತ್ತವೆ, ಕೊನೆಗೆ ಸರ್ಟಿಫಿಕೇಟು ಮತ್ತು ಗುಂಪು ಫೋಟೋ. ಬರೆಯುವುದು ಹೇಗೆ ಎಂದು ಹೇಳುವವರು ಹತ್ತು ಜನ ಸಿಗುತ್ತಾರೆ. ಬರೆಯಲು ಒಂದು ಗಂಟೆ ಸಿಗುವುದಿಲ್ಲ. ನಾನು ಹೇಳುತ್ತಿರುವುದು ಆ ಒಂದು ಗಂಟೆಯ ಮಾತು.

ನಾನು ಹೊರಟಾಗ ಕಿವಿಗೆ ಬಿದ್ದ ಮಾತುಗಳನ್ನು ಒಟ್ಟು ಮಾಡಿದರೆ ಮೂರು ಆಕ್ಷೇಪಗಳಾಗುತ್ತವೆ. ಒಂದು, ‘ಇದೆಲ್ಲ ಪರದೇಶದವರ ಶೋಕಿ.’ ಎರಡು, ‘ನಿಜವಾಗಿ ಬರೆಯುವವರು ಎಲ್ಲಿ ಕೂತರೂ ಬರೀತಾರೆ.’ ಮೂರನೆಯದು ಪ್ರಶ್ನೆಯ ವೇಷದಲ್ಲಿ ಬಂತು: ‘ಮನೆ ಕಡೆ ಯಾರು ನೋಡ್ಕೋತಾರೆ?’ ಈ ಮೂರಕ್ಕೂ ಉತ್ತರ ಕೊಡಬೇಕಾಗಿದೆ. ಅಲ್ಲಿಗೇ ನಿಲ್ಲಿಸಲೂ ಆಗುವುದಿಲ್ಲ. ಇಂಥ ಜಾಗಗಳನ್ನು ನಡೆಸುವವರಿಗೂ ನಾಲ್ಕು ಮಾತು ಹೇಳುವುದಿದೆ. ಯಾಕೆಂದರೆ ಈ ಏರ್ಪಾಡು ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಮನೆಯನ್ನೂ ಕೆಲಸವನ್ನೂ ಒಟ್ಟಿಗೆ ಹೊತ್ತ ಹೆಂಗಸರಿಗೆ. ಈಗಿನ ರೂಪದಲ್ಲಿ ಅದು ಅಂಥವರನ್ನೇ ಬಾಗಿಲಲ್ಲಿ ನಿಲ್ಲಿಸುತ್ತದೆ.

ಮೊದಲು ಪರದೇಶದ ಶೋಕಿಯ ಮಾತು. ನಮ್ಮೂರಿನಿಂದ ಎರಡು ಮೂರು ಕಿಲೋಮೀಟರ್ ನಡೆದರೆ ಬಳ್ಳಿಗಾವಿ. ಪ್ರತಿವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇದಾರೇಶ್ವರ ದೇವಸ್ಥಾನ ತೋರಿಸಿಕೊಂಡು ಬರುತ್ತೇವೆ. ಮೂರು ಗರ್ಭಗುಡಿ ಎಣಿಸಿ, ಹೊಯ್ಸಳ ಲಾಂಛನ ತೋರಿಸಿ, ಚುರುಮುರಿ ತಿನ್ನಿಸಿ ವಾಪಸು. ಅಲ್ಲೇ ಕೆರೆಯ ಕೋಡಿಯ ಹತ್ತಿರ ಒಂದು ಕಾಲಕ್ಕೆ ಕಾಳಾಮುಖರ ಕೋಡಿಯ ಮಠ ಇತ್ತು. 1162ರ, ಬಿಜ್ಜಳನ ಕಾಲದ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಮಾಡಿ ಹೇಳುತ್ತದೆ. ವೇದ, ಹಲವು ವ್ಯಾಕರಣಗಳು, ಬೌದ್ಧವೂ ಸೇರಿದಂತೆ ದರ್ಶನಗಳು, ಪುರಾಣ, ಕಾವ್ಯ, ನಾಟಕ, ಇವುಗಳ ಓದು ಅಲ್ಲಿ ನಡೆಯುತ್ತಿತ್ತು. ಬಡವರು, ಕುಂಟರು, ಕುರುಡರು, ಕಿವುಡರು ಅಲ್ಲಿ ಉಣ್ಣುತ್ತಿದ್ದರು. ದಿಕ್ಕಿಲ್ಲದ ರೋಗಿಗಳಿಗೆ ಔಷಧಿ ಸಿಗುತ್ತಿತ್ತು. ಮತ್ತು ಕೇಳಿ: ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು, ಕುಣಿಯುವವರು, ಇವರಿಗೂ ಅಲ್ಲಿ ಊಟ ಇತ್ತು. ಯಾವ ಪಂಥದ ಸನ್ಯಾಸಿ ಬಂದರೂ ಊಟ ಇತ್ತು. ಸಕಲ ಜೀವಿಗಳಿಗೂ ಅಭಯ ಸಿಗುವ ಸ್ಥಳ ಅದು ಎಂದು ಆ ಶಾಸನ ಬರೆಸಿದವರು ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ.

ಶಾಸನ ಎಂದರೆ ಹೊಗಳಿಕೆ, ಅದರಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ ಎಂದು ಇತಿಹಾಸದ ಮೇಷ್ಟ್ರು ಹೇಳಬಹುದು. ಇರಲಿ. ಹೊಗಳಿಕೊಳ್ಳುವಾಗ ಯಾವುದನ್ನು ಹೆಮ್ಮೆ ಎಂದು ಆರಿಸಿಕೊಂಡರು, ನೋಡಿ. ಪಾಣಿನಿಯ ವ್ಯಾಕರಣವನ್ನೂ ಮದ್ದಳೆಯವನ ಊಟವನ್ನೂ ಒಂದೇ ಕಲ್ಲಿನ ಮೇಲೆ ಕೊರೆಸಿದ್ದಾರೆ. ಕಲೆ ಹುಟ್ಟುವುದಕ್ಕೆ ಮೊದಲು ಅನ್ನ ಬೇಕು, ಅದನ್ನು ಬೇರೆ ಯಾರಾದರೂ ಬೇಯಿಸಿ ಇಟ್ಟಿರಬೇಕು ಎಂಬುದು ಎಂಟೂವರೆ ಶತಮಾನದ ಹಿಂದೆ ನಮ್ಮ ಪಕ್ಕದ ಊರಿನವರಿಗೆ ಗೊತ್ತಿತ್ತು. ಇದನ್ನು ಪರದೇಶದ್ದು ಎನ್ನುವವರು ಒಮ್ಮೆ ಬಳ್ಳಿಗಾವಿಗೆ ಹೋಗಿ ಬರಲಿ. ಬಸ್ ಚಾರ್ಜು ನಾನು ಕೊಡುತ್ತೇನೆ.

ಇನ್ನೊಂದು ದಿಕ್ಕಿಗೆ ಹೊರಟರೆ ತಾಳಗುಂದ. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನವಿದೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು, ಅವಮಾನ ತಾಳಲಾರದೆ ದರ್ಭೆ ಬಿಟ್ಟು ಕತ್ತಿ ಹಿಡಿದ ಎಂಬ ಕಥೆ ನಮಗೆ ಗೊತ್ತಾಗುವುದು ಆ ಕಂಬದಿಂದ. ಕಲಿಯಲು ಊರು ಬಿಟ್ಟು ಹೋಗುವುದು ನಮ್ಮ ನೆಲಕ್ಕೆ ಹೊಸದಲ್ಲ. ಹೋದವನನ್ನು ಮರ್ಯಾದೆಯಿಂದ ಇರಗೊಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಕಲ್ಲಿನ ಸಾಕ್ಷಿ ಇದೆ.

ಪರದೇಶದವರು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿ 1907ರಲ್ಲಿ ಮ್ಯಾಕ್‌ಡೊವೆಲ್ ಎಂಬ ಜಾಗ ಶುರುವಾಯಿತು. ಸಂಗೀತಗಾರ ಎಡ್ವರ್ಡ್ ಮ್ಯಾಕ್‌ಡೊವೆಲ್ ಮರುವರ್ಷವೇ ತೀರಿಕೊಂಡ. ಅದನ್ನು ದಶಕಗಟ್ಟಲೆ ನಡೆಸಿದವಳು ಅವನ ಹೆಂಡತಿ ಮೇರಿಯನ್. ತಾನೇ ಊರೂರು ತಿರುಗಿ ಪಿಯಾನೋ ಕಛೇರಿ ಮಾಡಿ ದುಡ್ಡು ಕೂಡಿಸಿದಳು. ಅಲ್ಲೊಂದು ಪದ್ಧತಿಯಿದೆ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಒಬ್ಬೊಬ್ಬ ಕಲಾವಿದರ ಬಾಗಿಲಲ್ಲಿ ಸದ್ದಿಲ್ಲದೆ ಇಟ್ಟು ಹೋಗುತ್ತಾರೆ, ಕೆಲಸ ಮಾಡುತ್ತಿರುವವರ ಗಮನ ಕೆಡಬಾರದೆಂದು. ಇದನ್ನು ಓದಿದಾಗ ನನಗೆ ಆ ಕಾಡು, ಆ ಮರದ ಕುಟೀರಗಳು ಯಾವುವೂ ಆಸೆ ಹುಟ್ಟಿಸಲಿಲ್ಲ. ಆ ಬುಟ್ಟಿಯ ಮೇಲೆ ಮನಸ್ಸು ಹೋಯಿತು. ಬಾಗಿಲಲ್ಲಿ ಯಾರಾದರೂ ಊಟ ಇಟ್ಟು ಕೂಗದೆ ಹೋಗುವುದು! ಬಾಣಂತನದಲ್ಲಿ ಬಿಟ್ಟರೆ ನಮ್ಮ ಹೆಂಗಸರಿಗೆ ಅಂಥ ದಿನ ಇನ್ನು ಯಾವಾಗ ಬರುತ್ತದೆ?

ಈಗ ಮೂರನೆಯ ಆಕ್ಷೇಪ, ‘ಮನೆ ಕಡೆ ಯಾರು ನೋಡ್ಕೋತಾರೆ?’ ಇದಕ್ಕೆ ಉತ್ತರವಾಗಿ ಅಲ್ಲಿನ ನನ್ನ ಮೊದಲ ದಿನವನ್ನು ಇದ್ದಂತೆ ಹೇಳುತ್ತೇನೆ. ಜಾಗದ ಹೆಸರು ಬೇಡ. ಅದೂ ಒಳ್ಳೆಯವರೇ ನಡೆಸುವ ಜಾಗ.

ಬೆಳಗಿನ ಜಾವದ ಬಸ್ಸು ಹಿಡಿದು ಮಧ್ಯಾಹ್ನಕ್ಕೆ ತಲುಪಿದೆ. ಒಬ್ಬ ಹುಡುಗಿ ಕೋಣೆ ತೋರಿಸಿದಳು. ಮಂಚ, ಕಿಟಕಿ, ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ದೀಪ. ತಿಂಡಿ ಎಂಟಕ್ಕೆ, ಊಟ ಒಂದಕ್ಕೆ, ರಾತ್ರಿ ಊಟ ಎಂಟಕ್ಕೆ. “ಉಳಿದ ಟೈಮೆಲ್ಲ ನಿಮ್ದೇ ಮೇಡಂ” ಎಂದು ಬೀಗದ ಕೈ ಕೊಟ್ಟು ಹೋದಳು. ಉಳಿದ ಟೈಮೆಲ್ಲ ನಿಮ್ಮದೇ! ಐವತ್ತು ದಾಟಿದ ಮೇಲೆ ಮೊದಲ ಸಲ ಈ ಮಾತು ಕೇಳಿದ್ದು. ಬ್ಯಾಗಿನಿಂದ ಎರಡು ನೋಟ್‌ಬುಕ್ಕು, ಪೆನ್ನು, ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಚಟ್ನಿಪುಡಿಯ ಡಬ್ಬಿಯನ್ನು ಕಪಾಟಿನಲ್ಲಿಟ್ಟೆ. ಆಮೇಲೆ ಏನು ಮಾಡುವುದು ತೋಚಲಿಲ್ಲ. ಗುಡಿಸಿದ್ದ ಕೋಣೆಯನ್ನೇ ಮತ್ತೊಮ್ಮೆ ಗುಡಿಸಿದೆ.

ಅಷ್ಟರಲ್ಲಿ ಫೋನು. ಅತ್ತೆಯವರ ಬಿ.ಪಿ. ಮಾತ್ರೆ ಬೆಳಗ್ಗೆ ಕೊಡುವುದೋ ರಾತ್ರಿಯೋ? ಕೊಟ್ಟಾಯಿತು. ಗ್ಯಾಸಿನ ಪುಸ್ತಕ ಎಲ್ಲಿದೆ? ಟಿ.ವಿ. ಸ್ಟ್ಯಾಂಡಿನ ಕೆಳಗಿನ ಡ್ರಾಯರಿನಲ್ಲಿ. ಹೆಪ್ಪು ಹಾಕುವುದಕ್ಕೆ ಮಜ್ಜಿಗೆ ಎಷ್ಟು? ಒಂದು ಚಮಚ. ಚಮಚ ಅಂದರೆ ಯಾವ ಚಮಚ? ಹಾಲಿನವನಿಗೆ ಈ ತಿಂಗಳ ಲೆಕ್ಕ ಕೊಟ್ಟಾಗಿದೆಯೋ? ನಾಳೆ ನೀರು ಬಿಡುವುದು ಎಷ್ಟು ಹೊತ್ತಿಗೆ? ರಾತ್ರಿ ಮಲಗುವ ಹೊತ್ತಿಗೆ ಹನ್ನೊಂದು ಸಲ ಫೋನು ಬಂದಿತ್ತು. ಮನೆಯವರು ಕೆಟ್ಟವರಲ್ಲ. “ಹೋಗು, ನಾವು ನೋಡ್ಕೋತೀವಿ” ಎಂದು ಮನಸಾರೆ ಕಳಿಸಿದವರೇ. ಆದರೆ ಒಂದು ಮನೆ ಮೂವತ್ತು ವರ್ಷ ಯಾರ ತಲೆಯೊಳಗೆ ನಡೆಯುತ್ತಿತ್ತು ಎಂಬುದು ಆ ಹನ್ನೊಂದು ಫೋನಿನಲ್ಲಿ ಅವರಿಗೂ ಗೊತ್ತಾಯಿತು.

ರಾತ್ರಿ ಊಟಕ್ಕೆ ಕೂತರೆ ಅದೇ ಪಾಡು. ಎದುರಿಗಿದ್ದವರ ತಟ್ಟೆಯಲ್ಲಿ ಸಾರು ಮುಗಿದದ್ದು ಕಂಡ ತಕ್ಷಣ ಕೈ ತಾನಾಗಿ ಸೌಟಿನ ಕಡೆ ಹೋಗುತ್ತದೆ. ಊಟ ಮುಗಿಸಿ ಎದ್ದರೆ ಎಂಜಲು ಬಳಿಯಲು ಬಟ್ಟೆ ಎಲ್ಲಿದೆ ಎಂದು ಕಣ್ಣು ಹುಡುಕುತ್ತದೆ. ಜೊತೆಗಿದ್ದ ಇಬ್ಬರು ಗಂಡಸರು, ನನಗಿಂತ ಚಿಕ್ಕವರು, ಸಂಜೆಯ ಹೊತ್ತಿಗೆ ನಾಲ್ಕು ಪುಟ ಬರೆದು ಮುಗಿಸಿದ್ದರು. ಅವರು ಬಂದದ್ದೂ ಅವತ್ತೇ. ಅವರಿಗೆ ಒಂದು ಫೋನೂ ಬರಲಿಲ್ಲ.

ಹುಲ್ಲಿನ ಹೊರೆ ಹೊತ್ತವರಿಗೆ ಗೊತ್ತಿರುತ್ತದೆ. ಹೊರೆ ಕೆಳಗಿಳಿಸಿದ ಮೇಲೂ ಕುತ್ತಿಗೆ ಸ್ವಲ್ಪ ಹೊತ್ತು ಸೆಟೆದೇ ಇರುತ್ತದೆ. ತಲೆಯ ಮೇಲೆ ಭಾರ ಇದ್ದ ಹಾಗೇ ಅನ್ನಿಸುತ್ತದೆ. ಮೊದಲ ದಿನ ನಾನು ಒಂದು ಸಾಲನ್ನೂ ಬರೆಯಲಿಲ್ಲ. ಒಂದು ದಿನ ದಂಡವಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ಹೊರೆ ಇಳಿಸುವುದೇ ಆ ದಿನದ ಕೆಲಸವಾಗಿತ್ತು, ಅದನ್ನು ಮಾಡಿದೆ. ಎರಡನೆಯ ದಿನ ಐದು ಫೋನು, ಮೂರನೆಯ ದಿನ ಎರಡು, ನಾಲ್ಕನೆಯ ದಿನ ಇಲ್ಲ. ಹೆಪ್ಪು ಹಾಕಲು ಮನೆಯಲ್ಲಿ ಕಲಿತಿದ್ದರು. ನಾಲ್ಕನೆಯ ದಿನ ನಾನು ಬರೆದೆ.

‘ಮನೆ ಕಡೆ ಯಾರು ನೋಡ್ಕೋತಾರೆ’ ಎಂಬುದಕ್ಕೆ ಉತ್ತರ ಇದೇ: ಮನೆಯಲ್ಲಿ ಇರುವವರು. ಅವರಿಗೆ ಮೂರು ದಿನ ಕಷ್ಟವಾಗುತ್ತದೆ, ನಾಲ್ಕನೆಯ ದಿನ ಬರುತ್ತದೆ. ಗಂಡಸರು ಎಲೆಕ್ಷನ್ ಡ್ಯೂಟಿಗೆ, ಶಬರಿಮಲೆಗೆ, ಅಡಿಕೆ ವ್ಯಾಪಾರಕ್ಕೆ ಹೊರಟಾಗ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ನಾನು ಎಲೆಕ್ಷನ್ ಡ್ಯೂಟಿಗೆ ಹೊರಟಾಗಲೂ ಕೇಳಿರಲಿಲ್ಲ, ಯಾಕೆಂದರೆ ಅದು ಸರ್ಕಾರದ ಆಜ್ಞೆ. ಹೆಂಗಸು ಆಜ್ಞೆಯ ಮೇಲೆ ಹೊರಟರೆ ಮನೆ ನಡೆಯುತ್ತದೆ. ಇಷ್ಟಪಟ್ಟು ಹೊರಟರೆ ಮಾತ್ರ ಮನೆ ನಿಂತುಹೋಗುತ್ತದೆ! ಇದು ಯಾವ ನ್ಯಾಯ, ನೀವೇ ಹೇಳಿ.

ಇನ್ನು ಎರಡನೆಯ ಆಕ್ಷೇಪ. ‘ತ್ರಿವೇಣಿ ಯಾವ ರೆಸಿಡೆನ್ಸಿಗೆ ಹೋಗಿದ್ದರು? ಎಂ.ಕೆ. ಇಂದಿರಾ ಹೋಗಿದ್ದರೆ?’ ಎಂದು ಕೇಳುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದ ಮೇಲಂತೂ ಈ ಪ್ರಶ್ನೆಗೆ ಇನ್ನಷ್ಟು ಬಲ ಬಂದಿದೆ. ಹಾಸನದಲ್ಲಿದ್ದುಕೊಂಡು, ವಕೀಲಿಕೆ ಮಾಡಿಕೊಂಡು ಬರೆದರಲ್ಲ ಅವರು, ನಿಮಗೇನು ಕಷ್ಟ?

ಈ ಹೆಸರುಗಳನ್ನು ನಾನೂ ಕೈಮುಗಿದೇ ಹೇಳುತ್ತೇನೆ. ಆದರೆ ಲೆಕ್ಕ ಪೂರ್ತಿ ಹಾಕಬೇಕು. ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. 1917ರಲ್ಲಿ ನಮ್ಮ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ, ಅವರ ನಲವತ್ತಾರನೆಯ ವಯಸ್ಸಿನಲ್ಲಿ. ಅಷ್ಟು ಬರೆಯುವ ಶಕ್ತಿ ಇದ್ದ ಹೆಂಗಸು ಅದಕ್ಕೆ ಮೊದಲಿನ ಇಪ್ಪತ್ತೈದು ವರ್ಷ ಎಲ್ಲಿದ್ದರು ಎಂದು ಯಾರಾದರೂ ಕೇಳಿದ್ದೀರಾ? ಬಾನು ಅವರ ಬಹುಮಾನದ ಪುಸ್ತಕದಲ್ಲಿರುವುದು ಹನ್ನೆರಡು ಕಥೆಗಳು. ಅವು ಮೂವತ್ತಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಬರೆದವು. ಅವುಗಳಲ್ಲೊಂದರ ಹೆಸರು ‘ಒಮ್ಮೆ ಹೆಣ್ಣಾಗು ಪ್ರಭುವೇ’. ಹೆಸರಿನಲ್ಲೇ ಈ ಪ್ರಬಂಧದ ಅರ್ಧ ಮಾತು ಬಂದುಬಿಟ್ಟಿದೆ.

ಬೆಂಕಿಯೊಳಗಿಂದ ದಾಟಿ ಬಂದವರನ್ನು ತೋರಿಸಿ ‘ನೋಡಿ, ಬೆಂಕಿ ಏನೂ ಮಾಡುವುದಿಲ್ಲ’ ಎಂದರೆ ಹೇಗೆ? ದಾಟದೆ ಉಳಿದವರ ಹೆಸರು ಯಾವ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲ. ಅವರು ನಮ್ಮ ನಿಮ್ಮ ಮನೆಗಳಲ್ಲಿದ್ದಾರೆ. ಟ್ರಂಕಿನ ಅಡಿಯಲ್ಲಿ ಹಾಡಿನ ಪುಸ್ತಕ ಇಟ್ಟುಕೊಂಡ ಚಿಕ್ಕಮ್ಮ, ದಿನಸಿ ಚೀಟಿಯ ಹಿಂದೆ ಎರಡು ಸಾಲು ಗೀಚಿ ಒಲೆಗೆ ಹಾಕಿದ ಅತ್ತಿಗೆ. ಎಲ್ಲಿ ಕೂತರೂ ಬರೆಯಬಹುದು, ಒಪ್ಪುತ್ತೇನೆ. ಕೂರಲು ಬಿಡಬೇಕಲ್ಲ?

ವರ್ಜೀನಿಯಾ ವುಲ್ಫ್ 1929ರ ತನ್ನ ಪುಸ್ತಕದಲ್ಲಿ ಬರೆಯುವ ಹೆಣ್ಣಿಗೆ ತನ್ನದೇ ಒಂದು ಕೋಣೆ ಬೇಕು, ವರ್ಷಕ್ಕೆ ಐನೂರು ಪೌಂಡು ಬೇಕು ಎಂದಳು. ನಮ್ಮ ವಿಚಾರ ಸಂಕಿರಣಗಳಲ್ಲಿ ಈ ಮಾತು ಮಂತ್ರದ ಹಾಗೆ ಕೇಳಿಬರುತ್ತದೆ. ಆದರೆ ವುಲ್ಫಳ ಮನೆಯಲ್ಲಿ ನೆಲ್ಲಿ ಬಾಕ್ಸಾಲ್ ಎಂಬ ಅಡುಗೆಯವಳು 1916ರಿಂದ 1934ರ ತನಕ ಇದ್ದಳು. ಆ ಪುಸ್ತಕ ಬರೆಯುವಾಗಲೂ ಅಡುಗೆ ಮನೆಯಲ್ಲಿ ಅವಳೇ ಇದ್ದಳು. ಕೋಣೆ, ದುಡ್ಡು ಎರಡೂ ಸರಿ. ಮೂರನೆಯದೊಂದು ಬೇಕು, ಅದನ್ನು ವುಲ್ಫ್ ಪಟ್ಟಿಗೆ ಸೇರಿಸಲಿಲ್ಲ. ನನಗೆ ಸಂಬಳವಿದೆ. ಮಗಳು ಮದುವೆಯಾಗಿ ಹೋದ ಮೇಲೆ ಒಂದು ಕೋಣೆಯೂ ಖಾಲಿಯಿದೆ. ಆದರೂ ಆ ಕೋಣೆಯಲ್ಲಿ ಕೂತರೆ ಕುಕ್ಕರಿನ ಸೀಟಿ ಎಣಿಸುತ್ತಿರುತ್ತೇನೆ. ಮನೆಯೊಳಗೆ ಇರುವ ತನಕ ಮನೆ ನಮ್ಮನ್ನು ಬಿಡುವುದಿಲ್ಲ, ನಾವೂ ಅದನ್ನು ಬಿಡುವುದಿಲ್ಲ. ಆದ್ದರಿಂದ ಬೇರೆ ಊರು ಬೇಕು, ಬೇರೆಯವರು ಬೇಯಿಸಿದ ಅನ್ನ ಬೇಕು, ಎಣಿಸಿದಷ್ಟು ದಿನ ಬೇಕು.

ಈಗ ನಡೆಸುವವರ ಕಡೆಗೆ ತಿರುಗುತ್ತೇನೆ. ನಮ್ಮ ರಾಜ್ಯದಲ್ಲಿ ಇಂಥ ಪ್ರಯತ್ನ ನಡೆದೇ ಇಲ್ಲವೆಂದಲ್ಲ. 2008ರಲ್ಲಿ ಶುರುವಾದ ಸಂಗಮ್ ಹೌಸ್ ಎಂಬ ಬರಹಗಾರರ ರೆಸಿಡೆನ್ಸಿ ಹಲವು ವರ್ಷ ಬೆಂಗಳೂರಿನ ಹತ್ತಿರ ಹೆಸರಘಟ್ಟದ ನೃತ್ಯಗ್ರಾಮದಲ್ಲಿ ನಡೆಯಿತು. ಹಲವು ಭಾಷೆಗಳ ಲೇಖಕರು ಅಲ್ಲಿಗೆ ಬಂದುಹೋದರು. ಒಳ್ಳೆಯ ಕೆಲಸ. ಆದರೆ ಒಟ್ಟಾರೆ ಈ ಲೋಕಕ್ಕೆ ಕಾಲಿಡುವ ದಾರಿ ಹೇಗಿದೆ ನೋಡಿ. ನಾನು ಹೋದ ಜಾಗದ ಅರ್ಜಿ ಇಂಗ್ಲಿಷಿನಲ್ಲಿತ್ತು. ‘ಪ್ರಾಜೆಕ್ಟ್’ ಏನೆಂದು ಐನೂರು ಪದಗಳಲ್ಲಿ ಬರೆಯಬೇಕು, ಇಬ್ಬರು ಗಣ್ಯರ ಶಿಫಾರಸು ಬೇಕು, ‘ಪೋರ್ಟ್‌ಫೋಲಿಯೊ’ ಲಗತ್ತಿಸಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಿವಮೊಗ್ಗದಲ್ಲಿದ್ದಾಳೆ, ತುಂಬಿಕೊಟ್ಟಳು. ಹಾಗೆ ತುಂಬಿಕೊಡುವವರು ಇಲ್ಲದವರು ಏನು ಮಾಡಬೇಕು?

ಮೊದಲ ದಿನ ಸಂಜೆ ಎಲ್ಲರೂ ದುಂಡಗೆ ಕೂತು ತಮ್ಮ ತಮ್ಮ ಪ್ರಾಜೆಕ್ಟಿನ ಪರಿಚಯ ಮಾಡಿಕೊಟ್ಟರು. ಎಲ್ಲ ಇಂಗ್ಲಿಷಿನಲ್ಲಿ. ನನ್ನ ಸರದಿ ಬಂದಾಗ ನಾನು ಕನ್ನಡದಲ್ಲೇ ಹೇಳಿದೆ: ನಮ್ಮ ಕಡೆ ಮದುವೆಯ ಹಸೆಯ ಹಾಡು ಹೇಳುತ್ತಿದ್ದ ಮುದುಕಿಯರನ್ನು ನಾನು ಹುಡುಗಿಯಾಗಿದ್ದಾಗ ಕಂಡಿದ್ದೇನೆ, ಅವರ ಬಗ್ಗೆ ಬರೆಯಬೇಕು ಎಂದು. ಹತ್ತು ನಿಮಿಷ ಮಾತಾಡಿದೆ. ಬೆಂಗಳೂರಿನ ಹುಡುಗಿ ಪಾಪ, ಅದನ್ನು ಇಂಗ್ಲಿಷಿಗೆ ಎರಡು ವಾಕ್ಯದಲ್ಲಿ ಮುಗಿಸಿದಳು. ಕರ್ನಾಟಕದ ನೆಲದ ಮೇಲೆ ಕೂತು ಕನ್ನಡದ ಹತ್ತು ನಿಮಿಷ ಎರಡು ವಾಕ್ಯವಾಗುವುದು ಸಣ್ಣ ಸಂಗತಿಯಲ್ಲ. ಬಂದ ದಿನವೇ ಒಬ್ಬರಿಗೆ ತಾನು ಎರಡು ವಾಕ್ಯದವಳು ಎಂದು ತಿಳಿಸಿಕೊಟ್ಟರೆ ಅವಳು ಅಲ್ಲಿ ನೆಲೆನಿಲ್ಲುವುದು ಹೇಗೆ?

ನಮ್ಮ ಸೊರಬ, ಸಾಗರ, ಶಿಕಾರಿಪುರದ ಸೀಮೆಯ ದೀವರ ಹೆಂಗಸರನ್ನು ನೆನೆಸಿಕೊಳ್ಳಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಅವರು ಬರೆಯುವ ಹಸೆ ಚಿತ್ತಾರದ ಗೆರೆ ಎಷ್ಟು ನೇರ, ಎಷ್ಟು ಸಣ್ಣ! ಭೂಮಿ ಹುಣ್ಣಿಮೆ ಬಂತೆಂದರೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಯಾವಾಗ? ಗದ್ದೆ ಕೆಲಸ, ಕೊಟ್ಟಿಗೆ ಕೆಲಸ, ಅಡುಗೆ ಕೆಲಸ ಎಲ್ಲ ಮುಗಿದ ಮೇಲೆ. ಆ ಕೈಗಳಿಗೆ ಮೂರು ವಾರ ಬರೀ ಚಿತ್ತಾರದ ಕೆಲಸ ಕೊಟ್ಟರೆ ಏನು ಹುಟ್ಟಬಹುದು ಎಂದು ಯೋಚಿಸಿದರೇ ಮೈ ಜುಂ ಎನ್ನುತ್ತದೆ. ಆದರೆ ಅವರು ‘ಪ್ರಾಜೆಕ್ಟ್’ ಬರೆಯುವುದಿಲ್ಲ. ಅವರನ್ನು ಮೇಳಗಳಿಗೆ ಕರೆದು, ಸ್ಟಾಲಿನಲ್ಲಿ ಕೂರಿಸಿ, ಫೋಟೋ ತೆಗೆದು ಕಳಿಸುತ್ತೇವೆ. ಕೋಣೆ ಕೊಟ್ಟು ಕೂರಿಸುವುದು ಇಂಗ್ಲಿಷಿನಲ್ಲಿ ಅರ್ಜಿ ಬರೆದವರನ್ನು.

ಇನ್ನೂ ಒಂದು ಮಾತು, ಇದು ನಮ್ಮಂಥವರಿಗೂ ಚುಚ್ಚುವ ಮಾತು. ಆ ರಾತ್ರಿ ಪಾತ್ರೆ ತೊಳೆಯಲು ಕೈ ಹಾಕಿದಾಗ ಅಲ್ಲಿನ ಅಡುಗೆಯ ಹೆಂಗಸು ನನ್ನನ್ನು ತಡೆದು, “ಬಿಡ್ರಿ ಅಕ್ಕೋರೆ, ನೀವು ಬರಿಯಾಕೆ ಬಂದೀರಿ, ಬರೀರಿ” ಎಂದಳು. ಮಾತಿಗೆ ಮಾತು ಬೆಳೆದು ತಿಳಿಯಿತು: ಅವಳು ಬೆಳಗ್ಗೆ ನಾಲ್ಕಕ್ಕೆ ಎದ್ದು ತನ್ನ ಮನೆಯ ಅಡುಗೆ ಮುಗಿಸಿ ಇಲ್ಲಿಗೆ ಬರುತ್ತಾಳೆ, ರಾತ್ರಿ ಹೋಗಿ ಮತ್ತೆ ಅಲ್ಲಿನ ಪಾತ್ರೆ ತಿಕ್ಕುತ್ತಾಳೆ. ವಾರದ ರಜೆ ಇಲ್ಲ. ನನ್ನ ಬಿಡುವು ನಿಂತಿರುವುದು ಅವಳ ದುಡಿಮೆಯ ಮೇಲೆ. ಇದನ್ನು ಕಂಡು ಕೆಲವರು, ‘ಹಾಗಾದರೆ ರೆಸಿಡೆನ್ಸಿಯೇ ಬೇಡ’ ಎನ್ನಬಹುದು. ಅದು ಸುಲಭದ ಉತ್ತರ. ಅಡುಗೆ ಮನೆ ಮುಚ್ಚಿದರೆ ಅವಳ ಸಂಬಳವೂ ಹೋಗುತ್ತದೆ, ನನ್ನ ಪುಸ್ತಕವೂ ಹೋಗುತ್ತದೆ. ಸರಿಯಾದ ಸಂಬಳ, ವಾರದ ರಜೆ, ಬರೆಯಲು ಬಂದವರೆಲ್ಲ, ಗಂಡಸರೂ ಸೇರಿದಂತೆ, ತಮ್ಮ ತಟ್ಟೆ ತಾವೇ ತೊಳೆಯುವ ಕಟ್ಟುಪಾಡು, ಇಷ್ಟನ್ನು ಮಾಡಲು ಯಾವ ಶಾಸನವೂ ಬೇಡ. ಅವಳಿಗೆ ಹಾಡು ಬರುತ್ತದೆಯೇ ಎಂದು ಒಮ್ಮೆಯಾದರೂ ಕೇಳುವುದಕ್ಕೆ ಖರ್ಚೂ ಇಲ್ಲ.

ಇಷ್ಟೆಲ್ಲ ಕೇಳಿದ ಹಿರಿಯರೊಬ್ಬರು ನನ್ನನ್ನು ಕಟ್ಟಿಹಾಕುವ ಹಾಗೆ, “ಅಕ್ಕಮಹಾದೇವಿ ನಮ್ಮ ಉಡುತಡಿಯವಳೇ ಅಲ್ಲವೇನಮ್ಮ? ಅವಳು ಎಲ್ಲ ಬಿಟ್ಟು ನಡೆದಳು. ಬರೆಯುವ ಛಲ ಇದ್ದರೆ ಹಾಗಿರಬೇಕು” ಎಂದರು. ಉಡುತಡಿ ನಮ್ಮ ತಾಲೂಕಿನದೇ. ಈಗ ಅಲ್ಲಿ ಅಕ್ಕನ ಎತ್ತರದ ಪ್ರತಿಮೆ ನಿಂತಿದೆ. ಜನ ಬಸ್ಸು ಮಾಡಿಕೊಂಡು ಬಂದು ಕೈಮುಗಿಯುತ್ತಾರೆ. ಆ ಕೈಮುಗಿಯುವವರ ಮನೆಯ ಸೊಸೆ ನೋಟ್‌ಬುಕ್ಕು ಹಿಡಿದು ಮೂರು ವಾರಕ್ಕೆ ಹೊರಟರೆ ಏನಾಗುತ್ತದೆ ಎಂದು ನಾವೆಲ್ಲ ಬಲ್ಲೆವು.

ಅಕ್ಕ ಬಿಟ್ಟು ಹೋದಳು. ಅವಳಿಗೆ ಎರಡೇ ದಾರಿಯಿತ್ತು, ಪೂರ್ತಿ ಇರುವುದು ಅಥವಾ ಪೂರ್ತಿ ಬಿಡುವುದು. ಎಂಟು ಶತಮಾನ ಕಳೆದ ಮೇಲೂ ನಮ್ಮ ಹೆಣ್ಣುಮಕ್ಕಳಿಗೆ ಅವೇ ಎರಡು ದಾರಿ ತೋರಿಸುವುದು ಅಕ್ಕನಿಗೆ ಮಾಡುವ ಗೌರವವಲ್ಲ. ನನಗೆ ಮನೆ ಬಿಡುವುದು ಬೇಕಿಲ್ಲ. ಮನೆ ನನಗೆ ಇಷ್ಟ, ಅತ್ತೆ ಇಷ್ಟ, ನಾನು ಹಾಕಿದ ಮಲ್ಲಿಗೆ ಬಳ್ಳಿ ಇಷ್ಟ. ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಎಂದರೆ ಹಿರಿಯರು ಬೈಯುತ್ತಾರೆ; ‘ಹೋಗಿ ಬರ್ತೀನಿ’ ಎನ್ನಬೇಕು. ಇಷ್ಟು ಚೆಂದದ ಮಾತು ಇಟ್ಟುಕೊಂಡ ಭಾಷೆಯವರು ನಾವು. ಹೆಣ್ಣಿಗೆ ಆ ಮಾತಿನ ಎರಡು ಅರ್ಧಗಳನ್ನೂ ಕೊಡಿ ಎಂದು ಕೇಳುತ್ತಿದ್ದೇನೆ. ಹೋಗುವುದೂ ಬೇಕು, ಬರುವುದೂ ಬೇಕು. ಬಂದಾಗ ಮುಖ ಗಂಟಿಕ್ಕಿಕೊಂಡು ಬಾಗಿಲು ತೆಗೆಯಬಾರದು.

ಇದು ಆಗದ ಮಾತು ಎನ್ನುವವರು ಸೊರಬ ದಾಟಿ ಸಾಗರದ ಕಡೆ ನೋಡಲಿ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಅಡಿಕೆ ತೋಟದ ನಡುವೆ 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ದೂರದವರಿಗೆ ಆಶ್ಚರ್ಯವಾಗಿರಬಹುದು, ನಮಗೆ ಆಗಲಿಲ್ಲ. ಹೊರಗಿನಿಂದ ಬಂದವರು ಅಲ್ಲಿ ಉಳಿಯುತ್ತಾರೆ, ಉಣ್ಣುತ್ತಾರೆ, ಕನ್ನಡದಲ್ಲಿ ಜಗಳವಾಡುತ್ತಾರೆ. ಅದು ನಾಟಕದ ಶಾಲೆ, ನಾನು ಕೇಳುತ್ತಿರುವ ಏಕಾಂತದ ಕೋಣೆಯಲ್ಲ. ಆದರೂ ಹಳ್ಳಿಯಲ್ಲಿ, ಕನ್ನಡದಲ್ಲಿ, ಹೊರಗಿನವರನ್ನು ಕರೆದು ಇರಿಸಿಕೊಂಡು ಕಲೆ ಬೆಳೆಸಬಹುದೆಂದು ಅದು ತೋರಿಸಿ ಎಷ್ಟೋ ಕಾಲವಾಯಿತು.

ಹಾಗಾದರೆ ಏನು ಮಾಡಬೇಕು? ನಾನು ಶಾಲೆಯವಳು, ಪಾಠ ಮುಗಿದ ಮೇಲೆ ಬೋರ್ಡಿನ ಮೇಲೆ ಸಾರಾಂಶ ಬರೆಯುವುದು ಅಭ್ಯಾಸ. ಒಂದು: ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ವಸತಿ ಶಾಲೆಗಳು, ವಿದ್ಯಾರ್ಥಿ ನಿಲಯಗಳು ಖಾಲಿ ಇರುತ್ತವೆ. ಮಂಚ ಇದೆ, ಅಡುಗೆ ಮನೆ ಇದೆ, ಅಡುಗೆಯವರಿದ್ದಾರೆ. ಸಾಹಿತ್ಯ ಅಕಾಡೆಮಿಯೂ ಲಲಿತಕಲಾ ಅಕಾಡೆಮಿಯೂ ಒಂದೆರಡು ಕಮ್ಮಟದ ದುಡ್ಡನ್ನು ಇತ್ತ ತಿರುಗಿಸಿ, ತಾಲೂಕಿಗೆ ಹತ್ತು ಕೋಣೆ ತೆರೆಯಲಿ. ಅಡುಗೆಯವರಿಗೆ ರಜೆಯಲ್ಲಿ ದುಡಿದದ್ದಕ್ಕೆ ಬೇರೆ ಸಂಬಳ ಕೊಡಲಿ. ಎರಡು: ಅರ್ಜಿ ಕನ್ನಡದಲ್ಲಿ, ಒಂದು ಪುಟ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ಕೈಕೆಲಸ ತೋರಿಸಲಿ. ಮೂರು: ಅವಧಿ ಮೂರು ವಾರ. ಐದು ದಿನದ್ದು ಹೆಂಗಸರಿಗೆ ಸಾಲುವುದಿಲ್ಲ, ಹೊರೆ ಇಳಿಸುವುದಕ್ಕೇ ಮೂರು ದಿನ ಬೇಕು. ಮೂರು ತಿಂಗಳದ್ದಕ್ಕೆ ನಮಗೆ ರಜೆ ಸಿಗುವುದಿಲ್ಲ. ನಾಲ್ಕು: ಚಿಕ್ಕ ಮಕ್ಕಳ ತಾಯಂದಿರು ಮಗುವನ್ನೂ ಕರೆತರಬಹುದು, ನೋಡಿಕೊಳ್ಳಲು ಒಬ್ಬರಿರಬೇಕು. ಐದು: ಮೊದಲ ದಿನ ಯಾರನ್ನೂ ಏನೂ ಕೇಳಬಾರದು. ಪರಿಚಯ ಬೇಡ, ಪ್ರಾಜೆಕ್ಟು ಬೇಡ. ಊಟ ಹಾಕಿ ಬಿಟ್ಟುಬಿಡಿ.

ಇನ್ನೊಂದು ಸಣ್ಣ ತಿದ್ದುಪಡಿ ನಮ್ಮ ಇಲಾಖೆಗಳಿಗೆ. ರಜೆ ಅರ್ಜಿಯಲ್ಲಿ ‘ಕಾರಣ’ ಎಂಬ ಕಲಮಿರುತ್ತದೆ. ಅಲ್ಲಿ ನಾವು ಇಷ್ಟು ವರ್ಷ ಜ್ವರ ಎಂದು ಬರೆದಿದ್ದೇವೆ, ಮದುವೆ ಎಂದು ಬರೆದಿದ್ದೇವೆ, ಸಾವು ಎಂದು ಬರೆದಿದ್ದೇವೆ. ಒಮ್ಮೆ ಒಬ್ಬಾಕೆ ‘ಬರವಣಿಗೆ’ ಎಂದು ಬರೆದರೆ ಹೆಡ್‌ಮಾಸ್ಟರು ನಗದೆ ಸಹಿ ಹಾಕಬೇಕು.

ಕೋಡಿಯ ಮಠ ಗಂಡು ತಪಸ್ವಿಗಳ ಮಠ. ಅಲ್ಲಿನ ಊಟದ ಪಂಕ್ತಿಯಲ್ಲಿ ಕುಣಿಯುವವರಿಗೆ, ಹಾಡುವವರಿಗೆ ಎಲೆ ಬಿತ್ತು. ಅಲ್ಲಿನವರು ಮಾಡದೆ ಉಳಿಸಿದ ಕೆಲಸವೊಂದಿದೆ, ಹಗಲೆಲ್ಲ ದುಡಿದ ಹೆಂಗಸಿಗೆ ಒಂದು ಕೋಣೆ ಮತ್ತು ಬಾಗಿಲಲ್ಲಿ ಒಂದು ಬುಟ್ಟಿ. ಮುಂದಿನ ಬೇಸಿಗೆಗೆ ಯಾವ ತಾಲೂಕು ಮೊದಲು ಬಾಗಿಲು ತೆಗೆಯುತ್ತದೋ ನೋಡೋಣ. ನಮ್ಮದೇ ಆದರೆ ನನಗೆ ಸಂತೋಷ. ಅರ್ಜಿ ಹಾಕಲು ಎಂಟು ಜನರ ಹೆಸರು ಈಗಲೇ ನನ್ನ ಹತ್ತಿರ ಇದೆ. ಅವರಲ್ಲಿ ಆರು ಜನ ಇವತ್ತಿನ ತನಕ ಯಾರ ಮುಂದೆಯೂ ತಾವು ಬರೆಯುತ್ತೇವೆಂದು ಹೇಳಿಕೊಂಡಿಲ್ಲ.